ಹೆಜ್ಜೆ ಅಳಿಸದ ಲೆಕ್ಕ: ಕಂಪ್ಯೂಟರಿನಲ್ಲಿ ಸ್ಪೀಡ್‌ಕ್ರಂಚ್ ಬಳಸುವ ಬಗೆ

ಅಂಗಡಿಯ ಬಿಲ್ಲು ಕೂಡಿಸಲು ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಅದಕ್ಕಾಗಿ ಯಾರೂ ಕಂಪ್ಯೂಟರಿನ ಮುಂದೆ ಕೂರಬೇಕಾಗಿಲ್ಲ. ಸಾಲದ ಕಂತು, ಜಾಗದ ವಿಸ್ತೀರ್ಣ, ಕಾಲೇಜಿನ ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕ ಮುಂತಾದ ನಾಲ್ಕಾರು ಹೆಜ್ಜೆಗಳ ಲೆಕ್ಕ ಎದುರಾದಾಗ ಮಾತ್ರ ಆ ಚಿಕ್ಕ ಪರದೆ ಕೈಕೊಡುತ್ತದೆ. ಉತ್ತರ ಬರುವ ಹೊತ್ತಿಗೆ ಅದು ಯಾವ ಅಂಕೆಗಳಿಂದ ಬಂತು ಎಂಬುದು ಪರದೆಯಿಂದ ಮರೆಯಾಗಿರುತ್ತದೆ, ಆದ್ದರಿಂದ ಅನುಮಾನ ಬಂದರೆ ಲೆಕ್ಕವನ್ನು ಮೊದಲಿನಿಂದಲೇ ಒತ್ತಬೇಕಾಗುತ್ತದೆ. ಎರಡನೆಯ ಸಲ ಬೇರೆ ಉತ್ತರ ಬಂದರಂತೂ ಯಾವುದನ್ನು ನಂಬುವುದು ಎಂಬ ಪ್ರಶ್ನೆಗೆ ಮೂರನೆಯ ಸಲ ಒತ್ತುವುದೊಂದೇ ದಾರಿ.

ಉಡುಪಿಯ ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಈ ಕೆಲಸಕ್ಕೆ ನಾನು ಇಟ್ಟುಕೊಂಡಿರುವುದು ಸ್ಪೀಡ್‌ಕ್ರಂಚ್ ಎಂಬ ಸೈಂಟಿಫಿಕ್ ಕ್ಯಾಲ್ಕುಲೇಟರ್. ಇದು ಯಾರು ಬೇಕಾದರೂ ಬಳಸಲು, ತಿದ್ದಲು, ಹಂಚಲು ಬಿಡುವ ಜಿಪಿಎಲ್ ಪರವಾನಗಿಯಡಿ ಬಿಡುಗಡೆಯಾದ ಮುಕ್ತ ತಂತ್ರಾಂಶ. ಬೆಲೆಯೂ ಇಲ್ಲ, ಜಾಹೀರಾತೂ ಇಲ್ಲ, ಬಳಸಲು ಇಂಟರ್‌ನೆಟ್ ಸಂಪರ್ಕವೂ ಬೇಡ. ವಿಂಡೋಸ್, ಲಿನಕ್ಸ್ ಮತ್ತು ಮ್ಯಾಕ್ ಮೂರಕ್ಕೂ ದೊರೆಯುತ್ತದೆ. ಇಲ್ಲಿ ಹೇಳಿರುವುದೆಲ್ಲ 2016ರಲ್ಲಿ ಬಂದ 0.12ನೇ ಆವೃತ್ತಿಯ ಬಳಕೆಗೆ ಸಂಬಂಧಿಸಿದ್ದು. ವಿಂಡೋಸ್ ಬಳಸುವವರು ಸ್ಪೀಡ್‌ಕ್ರಂಚ್ ಡಾಟ್ ಆರ್ಗ್ ತಾಣದಿಂದಲೇ ಇಳಿಸಿಕೊಳ್ಳುವುದು ಕ್ಷೇಮ. ಅಲ್ಲಿ ಇನ್‌ಸ್ಟಾಲ್ ಮಾಡುವ ಕಡತದ ಜೊತೆಗೆ ಪೋರ್ಟಬಲ್ ಎಂಬ ಇನ್ನೊಂದು ರೂಪವೂ ಇರುತ್ತದೆ; ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡರೆ ಹೊಸ ತಂತ್ರಾಂಶ ಹಾಕಲು ಅನುಮತಿಯಿಲ್ಲದ ಕಾಲೇಜಿನ ಲ್ಯಾಬಿನಲ್ಲಿಯೂ ತೆರೆಯಬಹುದು. ಡೆಬಿಯನ್, ಉಬುಂಟು, ಫೆಡೋರಾ ಬಳಸುವವರಿಗೆ ಅವುಗಳ ತಂತ್ರಾಂಶ ಭಂಡಾರದಲ್ಲಿ ಹೆಸರು ಹುಡುಕಿದರೆ ಸಾಕು.

ತೆರೆದ ಕೂಡಲೇ ಕಾಣುವುದು ಬಹುತೇಕ ಖಾಲಿ ಕಿಟಕಿ. ಗುಂಡಿಗಳ ಸಾಲು ಎಲ್ಲಿ ಎಂದು ಗಾಬರಿಯಾಗಬೇಕಾಗಿಲ್ಲ. ಕೆಳಗಿನ ಒಂದು ಗೆರೆಯಲ್ಲಿ ಲೆಕ್ಕವನ್ನು ಕಾಗದದ ಮೇಲೆ ಬರೆಯುವ ಹಾಗೆ ಟೈಪ್ ಮಾಡಿ ಎಂಟರ್ ಒತ್ತಿದರೆ, ಲೆಕ್ಕ ಮತ್ತು ಉತ್ತರ ಎರಡೂ ಮೇಲಿನ ಜಾಗಕ್ಕೆ ಹೋಗಿ ಅಲ್ಲಿಯೇ ಉಳಿಯುತ್ತವೆ. ಎಂಟರ್ ಒತ್ತುವ ಮೊದಲೇ ಉತ್ತರ ಏನಾಗಬಹುದೆಂದು ಚಿಕ್ಕ ಪಟ್ಟಿಯೊಂದು ತೋರಿಸುತ್ತಿರುತ್ತದೆ. ಗುಣಾಕಾರಕ್ಕೆ ನಕ್ಷತ್ರ ಚಿಹ್ನೆ, ಭಾಗಾಕಾರಕ್ಕೆ ಓರೆಗೆರೆ, ಘಾತಕ್ಕೆ ಟೊಪ್ಪಿಯಂಥ ^ ಚಿಹ್ನೆ, ಇಷ್ಟು ತಿಳಿದರೆ ಆರಂಭಕ್ಕೆ ಸಾಕು. ಫಲನಗಳ (ಫಂಕ್ಷನ್) ಹೆಸರನ್ನು ಮಾತ್ರ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಒತ್ತಬೇಕು. ಈ ಬರಹದಲ್ಲಿ ಅವನ್ನು ಕನ್ನಡದಲ್ಲಿ ಬಿಡಿ ಅಕ್ಷರಗಳಾಗಿ ಹೇಳಿದ್ದೇನೆ: ಟಿಎಎನ್ ಎಂದಿರುವಲ್ಲಿ ಕೀಬೋರ್ಡಿನ ಆ ಮೂರು ಕೀಲಿಗಳನ್ನು ಒತ್ತಿರಿ. ಎರಡು ಮೂರು ಅಕ್ಷರ ಒತ್ತುವಷ್ಟರಲ್ಲಿ ಹೊಂದುವ ಹೆಸರುಗಳ ಪಟ್ಟಿ ತಾನೇ ತೆರೆದುಕೊಳ್ಳುವುದರಿಂದ ಸ್ಪೆಲ್ಲಿಂಗ್ ನೆನಪಿಡುವ ಕಷ್ಟವೂ ಅಷ್ಟಿಲ್ಲ.

ದೊಡ್ಡ ಮೊತ್ತಗಳನ್ನು ಒತ್ತುವಾಗ ನಮ್ಮ ಅಭ್ಯಾಸದಂತೆ 5,00,000 ಎಂದು ಅಲ್ಪವಿರಾಮ ಹಾಕಬೇಡಿ. 500000 ಎಂದೇ ಒತ್ತಿರಿ. ಕೆಲವು ದೇಶಗಳಲ್ಲಿ ಅಲ್ಪವಿರಾಮವೇ ದಶಮಾಂಶದ ಗುರುತಾಗಿರುವುದರಿಂದ ಇಂಥ ತಂತ್ರಾಂಶಗಳಿಗೆ ಅದರ ಅರ್ಥವೇ ಬೇರೆ ಇರಬಹುದು. ಉತ್ತರದ ಅಂಕೆಗಳ ನಡುವೆ ಅಂತರ ಬಿಡುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿ ಇದೆಯಾದರೂ ಅದು ಮೂರು ಮೂರು ಅಂಕೆಗಳ ಗುಂಪು. ಲಕ್ಷ, ಕೋಟಿಗೆ ಒಗ್ಗಿದ ಕಣ್ಣಿಗೆ ಅಷ್ಟೇನೂ ಹಿಡಿಸುವುದಿಲ್ಲ.

ಡಿಗ್ರಿಯೋ ರೇಡಿಯನ್ನೋ

ಹೊಸಬರು ಎಲ್ಲಕ್ಕಿಂತ ಮೊದಲು ನೋಡಬೇಕಾದುದು ಸೆಟ್ಟಿಂಗ್ಸ್ ಪಟ್ಟಿಯಲ್ಲಿರುವ ಆಂಗಲ್ ಯೂನಿಟ್ ಎಂಬ ಆಯ್ಕೆಯನ್ನು. ಕೋನವನ್ನು ಡಿಗ್ರಿಯಲ್ಲಿ ಓದಬೇಕೋ ರೇಡಿಯನ್ನಿನಲ್ಲಿ ಓದಬೇಕೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಇದರ ಮಹತ್ವ ನನಗೆ ಮನವರಿಕೆಯಾದದ್ದು ನಮ್ಮ ಹಿತ್ತಿಲಿನ ತೆಂಗಿನ ಮರದಿಂದ.

ಮೇ ತಿಂಗಳ ಕೊನೆಯಲ್ಲಿ, ಮಳೆಗಾಲದ ಗಾಳಿಗೆ ಆ ಮರ ಬುಡಸಮೇತ ಉರುಳಿದರೆ ಅದರ ತಲೆ ನಮ್ಮ ಮನೆಯ ಮಾಡಿನ (ಛಾವಣಿಯ) ಅಂಚಿಗೆ ತಾಗೀತೇ ಎಂಬ ಪ್ರಶ್ನೆ ಮನೆಯಲ್ಲಿ ಎದ್ದಿತು. ಬುಡದಿಂದ ಮಾಡಿನ ಅಂಚಿಗೆ ಇದ್ದ ದೂರ 19 ಮೀಟರ್. ಮರದಿಂದ 15 ಮೀಟರ್ ದೂರದಲ್ಲಿ ನಿಂತು, ಶಾಲೆಯ ಪೆಟ್ಟಿಗೆಯ ಕೋನಮಾಪಕಕ್ಕೆ ದಾರದಲ್ಲಿ ಕಲ್ಲು ಕಟ್ಟಿ ತುದಿಯನ್ನು ಗುರಿ ಹಿಡಿದಾಗ ಕೋನ 48 ಡಿಗ್ರಿ ಎಂದು ಕಂಡಿತು. ಕಣ್ಣಿನ ಎತ್ತರ 1.5 ಮೀಟರ್. ದೂರವನ್ನು ಕೋನದ ಟ್ಯಾನ್‌ಜೆಂಟಿನಿಂದ ಗುಣಿಸಿ ಕಣ್ಣಿನ ಎತ್ತರ ಕೂಡಿಸಿದರೆ ಮರದ ಎತ್ತರ ಸಿಗುತ್ತದೆ. ಹೀಗಾಗಿ ಒತ್ತಬೇಕಾದ ಸಾಲು ಇದು:

15*ಟಿಎಎನ್(48)+1.5

ನನಗೆ ಬಂದ ಉತ್ತರ 19.50. ಮರ ಮಾಡಿಗೆ ತಾಗುತ್ತದೆ ಎಂದಾಯಿತು, ಮರ ಕಡಿಯುವವರಿಗೆ ಹೇಳಿಕಳಿಸುವ ಮಾತೂ ನಡೆಯಿತು. ಆದರೆ ಕೋನದ ಅಳತೆ ರೇಡಿಯನ್ನಿನಲ್ಲಿಯೇ ಉಳಿದಿತ್ತು. ಡಿಗ್ರಿಗೆ ಬದಲಿಸಿ ಅದೇ ಸಾಲನ್ನು ಮತ್ತೆ ಒತ್ತಿದಾಗ ಬಂದದ್ದು 18.16, ಅಂದರೆ ಮಾಡಿನ ಅಂಚಿಗೆ ಇನ್ನೂ ಮುಕ್ಕಾಲು ಮೀಟರಿಗಿಂತ ಹೆಚ್ಚು ದೂರ ಉಳಿಯುತ್ತದೆ. ಮೈನಸ್ ಉತ್ತರವೋ ಮುನ್ನೂರು ಮೀಟರಿನ ಮರವೋ ಬಂದಿದ್ದರೆ ತಪ್ಪು ಒಡನೆಯೇ ಗೊತ್ತಾಗುತ್ತಿತ್ತು, 19.50 ಎಂಬುದು ತೆಂಗಿನ ಮರಕ್ಕೆ ಸಹಜವಾಗಿ ಒಪ್ಪುವ ಎತ್ತರವಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಆದ್ದರಿಂದ ವ್ಯೂ ಪಟ್ಟಿಯಲ್ಲಿ ಸ್ಟೇಟಸ್ ಬಾರ್ ಎಂಬುದನ್ನು ಆರಿಸಿ, ಕೋನದ ಅಳತೆ ಯಾವುದೆಂಬುದು ಕಿಟಕಿಯ ಕೆಳ ಅಂಚಿನಲ್ಲಿ ಯಾವಾಗಲೂ ಕಾಣುವಂತೆ ಮಾಡಿಕೊಳ್ಳುವುದು ಒಳ್ಳೆಯದು. ಟಿಎಎನ್(45) ಎಂದು ಒತ್ತಿ 1 ಬರುತ್ತದೆಯೇ ಎಂದು ನೋಡುವುದು ಇನ್ನೂ ಸುಲಭವಾದ ಪರೀಕ್ಷೆ.

ಕೈಯಿಂದ ಹಿಡಿದ ಕೋನಮಾಪಕ ಒಂದೆರಡು ಡಿಗ್ರಿ ಅತ್ತಿತ್ತ ಆಗುವುದು ಸಹಜವಾದ್ದರಿಂದ ಅಲ್ಲಿಗೇ ಬಿಡುವಂತೆಯೂ ಇರಲಿಲ್ಲ. ಕೀಬೋರ್ಡಿನ ಮೇಲ್ಮುಖ ಬಾಣದ ಕೀಲಿ ಒತ್ತಿದರೆ ಹಿಂದಿನ ಸಾಲು ಮರಳಿ ಬರುತ್ತದೆ. ಅದರಲ್ಲಿ 48ನ್ನು ಅಳಿಸಿ 49 ಮಾಡಿ ಎಂಟರ್ ಒತ್ತಿದರೆ 18.76, 50 ಮಾಡಿದರೆ 19.38. ಒಂದು ಡಿಗ್ರಿಗೆ ಅರುವತ್ತು ಸೆಂಟಿಮೀಟರಿನಷ್ಟು ವ್ಯತ್ಯಾಸ, ಎರಡು ಡಿಗ್ರಿ ತಪ್ಪಿದರೆ ತೀರ್ಮಾನವೇ ತಿರುಗಿಬೀಳುತ್ತದೆ. ಹೀಗಾಗಿ ಮಾರನೆಯ ದಿನ 20 ಮೀಟರ್ ದೂರದಿಂದ ಇನ್ನೊಮ್ಮೆ ಅಳೆದೆವು. ಉತ್ತರದಲ್ಲಿ ಐವತ್ತು ಅಂಕೆ ತೋರಿಸಬಲ್ಲ ತಂತ್ರಾಂಶವಿದ್ದರೂ ಕೋನಮಾಪಕ ಎರಡು ರೂಪಾಯಿಯ ಪ್ಲಾಸ್ಟಿಕ್ಕೇ ಅಲ್ಲವೇ.

ಕಂತು ಮತ್ತು ಆವರಣ

1906ರಲ್ಲಿಯೇ ಮಂಗಳೂರಿನಲ್ಲಿ ಕೆನರಾ ಬ್ಯಾಂಕೂ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕೂ ಹುಟ್ಟಿದ ಈ ಕರಾವಳಿಯಲ್ಲಿ ಬಡ್ಡಿಯ ಲೆಕ್ಕ ಹೊಸ ವಿಷಯವೇನಲ್ಲ, ಆದರೂ ಸಾಲದ ತಿಂಗಳ ಕಂತನ್ನು ತಾವೇ ಲೆಕ್ಕ ಹಾಕಿ ನೋಡುವವರು ಕಡಿಮೆ. ಅಸಲನ್ನು ತಿಂಗಳ ಬಡ್ಡಿ ದರದಿಂದ ಗುಣಿಸಿ, ಅದನ್ನು ವೃದ್ಧಿಯ ಘಾತದಿಂದ (ಒಂದಕ್ಕೆ ತಿಂಗಳ ದರ ಕೂಡಿಸಿ, ಅದನ್ನು ಕಂತುಗಳ ಸಂಖ್ಯೆಯ ಘಾತಕ್ಕೆ ಏರಿಸಿದ್ದು) ಗುಣಿಸಿ, ಆ ಘಾತದಿಂದ ಒಂದನ್ನು ಕಳೆದು ಬಂದದ್ದರಿಂದ ಭಾಗಿಸುವುದು ಇದರ ಸೂತ್ರ. 5 ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ಶೇಕಡ 9 ಬಡ್ಡಿ, 60 ಕಂತು ಎಂದಿಟ್ಟುಕೊಳ್ಳಿ. ಶೇಕಡ 9ನ್ನು 12 ತಿಂಗಳಿಗೆ ಹಂಚಿದರೆ ತಿಂಗಳ ದರ 0.0075. ಮೊದಲು ಘಾತಕ್ಕೆ ಒಂದು ಹೆಸರು ಕೊಟ್ಟುಬಿಡೋಣ:

ಎಕ್ಸ್=1.0075^60

ಎಂಟರ್ ಒತ್ತಿದಾಗ ಎಕ್ಸ್ ಎಂಬ ಅಕ್ಷರದಲ್ಲಿ 1.56568... ಎಂಬ ಬೆಲೆ ಪೂರ್ತಿಯಾಗಿ ಉಳಿದುಕೊಳ್ಳುತ್ತದೆ. ಮುಂದಿನ ಸಾಲು:

500000*0.0075*ಎಕ್ಸ್/(ಎಕ್ಸ್-1)

ಉತ್ತರ 10379.18 ರೂಪಾಯಿ. ಇದನ್ನು 60ರಿಂದ ಗುಣಿಸಲು ಬರೀ *60 ಎಂದು ಆರಂಭಿಸಿದರೂ ಆಗುತ್ತದೆ. ಹಿಂದಿನ ಉತ್ತರವನ್ನು ಸೂಚಿಸುವ ಎಎನ್‌ಎಸ್ ಎಂಬ ಹೆಸರನ್ನು ತಂತ್ರಾಂಶವೇ ಮುಂದೆ ಸೇರಿಸಿಕೊಳ್ಳುತ್ತದೆ. ಒಟ್ಟು ಪಾವತಿ ಸುಮಾರು 6,22,751 ರೂಪಾಯಿ, ಅದರಲ್ಲಿ ಬಡ್ಡಿ 1,22,751 ರೂಪಾಯಿ.

ಇಲ್ಲಿ ಎರಡು ಕಡೆ ಎಡವುವುದುಂಟು. ನಾನು ಮೊದಲ ಸಲ ಈ ಲೆಕ್ಕ ಹಾಕಿದಾಗ ಕೊನೆಯ ಆವರಣವನ್ನು ಬಿಟ್ಟು, ಓರೆಗೆರೆಯ ನಂತರ ಎಕ್ಸ್-1 ಎಂದಷ್ಟೇ ಬರೆದಿದ್ದೆ. ಕಂತು 3749 ರೂಪಾಯಿ ಎಂದು ಬಂದಾಗ ಕ್ಷಣಕಾಲ ಖುಷಿಯೂ ಆಗಿತ್ತು. ಎಕ್ಸ್‌ನಿಂದ ಗುಣಿಸಿ ಎಕ್ಸ್‌ನಿಂದಲೇ ಭಾಗಿಸಿ, ಉಳಿದ 3750ರಿಂದ ಒಂದನ್ನು ಕಳೆದು ತಂತ್ರಾಂಶ ತನ್ನ ಪಾಲಿನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಸಾಲು ಪರದೆಯ ಮೇಲೆ ಹಾಗೆಯೇ ಇದ್ದುದರಿಂದ ತಪ್ಪು ಎಲ್ಲಿದೆ ಎಂದು ಹುಡುಕಲು ಒಂದು ನಿಮಿಷವೂ ಬೇಕಾಗಲಿಲ್ಲ. ಉದ್ದದ ಸಾಲಿನ ಯಾವುದಾದರೂ ಭಾಗವನ್ನು ಮೌಸಿನಿಂದ ಆಯ್ದು ಹಿಡಿದರೆ ಆ ಭಾಗದ ಬೆಲೆಯನ್ನು ಮಾತ್ರ ಪ್ರತ್ಯೇಕವಾಗಿ ತೋರಿಸುವ ಸೌಲಭ್ಯ ಇಂಥ ಹೊತ್ತಿನಲ್ಲಿ ಬಹಳ ಉಪಯುಕ್ತ. ಇನ್ನೊಂದು ಎಚ್ಚರಿಕೆ: ತೆರೆದ ಆವರಣವನ್ನು ಮುಚ್ಚಲು ಮರೆತರೆ ತಂತ್ರಾಂಶ ಬೈಯುವುದಿಲ್ಲ, ಸಾಲಿನ ಕೊನೆಯಲ್ಲಿ ತಾನೇ ಮುಚ್ಚಿಬಿಡುತ್ತದೆ. ನೀವು ಮುಚ್ಚಬೇಕೆಂದಿದ್ದದ್ದು ನಡುವೆ ಎಲ್ಲಿಯೋ ಆಗಿದ್ದರೆ ಉತ್ತರ ಸದ್ದಿಲ್ಲದೆ ಬದಲಾಗಿರುತ್ತದೆ.

ಎರಡನೆಯದು, ನಡುವಿನ ಉತ್ತರವನ್ನು ಕಾಗದಕ್ಕೆ ಇಳಿಸಿ ಮತ್ತೆ ಒತ್ತುವ ಹಳೆಯ ರೂಢಿ. ಘಾತದ ಬೆಲೆಯನ್ನು 1.57 ಎಂದು ಮೊಟಕುಗೊಳಿಸಿ ಮುಂದುವರಿದರೆ ಕಂತು 10328.95 ಎಂದು ಬರುತ್ತದೆ. ತಿಂಗಳಿಗೆ 50 ರೂಪಾಯಿಯ ವ್ಯತ್ಯಾಸ ಸಣ್ಣದೆನಿಸಿದರೂ 60 ಕಂತುಗಳಲ್ಲಿ ಅದು 3,000 ರೂಪಾಯಿಯನ್ನು ದಾಟುತ್ತದೆ. ಹೆಸರು ಕೊಟ್ಟು ಉಳಿಸಿಕೊಂಡ ಬೆಲೆಯಲ್ಲಿ ಈ ತೊಂದರೆ ಇಲ್ಲ, ಏಕೆಂದರೆ ಪರದೆಯ ಮೇಲೆ ಎರಡೇ ದಶಮಾಂಶ ಕಾಣುವಂತೆ ಮಾಡಿಕೊಂಡಿದ್ದರೂ ಒಳಗಿನ ಲೆಕ್ಕ ಪೂರ್ಣ ಅಂಕೆಗಳಲ್ಲಿಯೇ ನಡೆಯುತ್ತದೆ. ಎಷ್ಟು ಅಂಕೆ ಎಂಬ ಕುತೂಹಲವಿದ್ದರೆ 2^100 ಎಂದು ಒತ್ತಿ ನೋಡಬಹುದು. 1267650600228229401496703205376 ಎಂದು 31 ಅಂಕೆಗಳೂ ಬರುತ್ತವೆ. ಎಕ್ಸೆಲ್ ಇದೇ ಲೆಕ್ಕದಲ್ಲಿ 15 ಅಂಕೆಗಳಾದ ಮೇಲೆ ಸೊನ್ನೆಗಳನ್ನು ತುಂಬಿಸಿ ಕೈತೊಳೆದುಕೊಳ್ಳುತ್ತದೆ.

ಜಾಗದ ಅಳತೆಗೆ ಸ್ವಂತ ಸೂತ್ರ

ಒಂದೇ ಸೂತ್ರವನ್ನು ಮತ್ತೆ ಮತ್ತೆ ಬಳಸಬೇಕಾದಾಗ ಅದನ್ನೇ ಒಂದು ಫಲನವಾಗಿ ಬರೆದಿಡಬಹುದು. ನಮ್ಮ ಕಡೆ ಜಾಗದ ಮಾತು ಬಂದರೆ ಅದು ಸೆಂಟ್ಸ್ ಲೆಕ್ಕದಲ್ಲಿ. ಒಂದು ಎಕರೆಗೆ 100 ಸೆಂಟ್ಸ್, ಒಂದು ಸೆಂಟ್ಸ್‌ಗೆ 435.6 ಚದರ ಅಡಿ. ಆದರೆ ಗುಡ್ಡದ ಬದಿಯ, ತೋಡಿನ ಅಂಚಿನ ಜಾಗಗಳು ಆಯತಾಕಾರವಾಗಿರುವುದು ಅಪರೂಪ. ನಾಲ್ಕು ಬದಿಯೂ ಬೇರೆ ಬೇರೆ ಉದ್ದ. ಎದುರುಬದುರು ಬದಿಗಳ ಸರಾಸರಿಯನ್ನು ಗುಣಿಸಿ ವಿಸ್ತೀರ್ಣ ಹೇಳುವ ಪದ್ಧತಿ ಇದ್ದರೂ ಅದು ನಿಜವಾದ ವಿಸ್ತೀರ್ಣಕ್ಕಿಂತ ಹೆಚ್ಚನ್ನೇ ತೋರಿಸುತ್ತದೆ. ಬದಲಿಗೆ ಒಂದು ಮೂಲೆಯಿಂದ ಎದುರು ಮೂಲೆಗೆ ಕರ್ಣವನ್ನೂ ಟೇಪಿನಿಂದ ಅಳೆದು ಜಾಗವನ್ನು ಎರಡು ತ್ರಿಕೋನಗಳಾಗಿ ಮಾಡಿಕೊಂಡರೆ, ಪ್ರೌಢಶಾಲೆಯಲ್ಲಿ ಕಲಿತ ಹೆರಾನನ ಸೂತ್ರದಿಂದ ವಿಸ್ತೀರ್ಣ ಸಿಗುತ್ತದೆ. ವರ್ಗಮೂಲದ ಫಲನದ ಹೆಸರು ಎಸ್‌ಕ್ಯೂಆರ್‌ಟಿ. ನಮ್ಮ ಹೊಸ ಫಲನಕ್ಕೆ ಟಿಆರ್‌ಐ ಎಂದು ಹೆಸರಿಡೋಣ:

ಟಿಆರ್‌ಐ(ಎ;ಬಿ;ಸಿ)=ಎಸ್‌ಕ್ಯೂಆರ್‌ಟಿ((ಎ+ಬಿ+ಸಿ)*(ಬಿ+ಸಿ-ಎ)*(ಎ+ಸಿ-ಬಿ)*(ಎ+ಬಿ-ಸಿ))/4

ಒಂದಕ್ಕಿಂತ ಹೆಚ್ಚು ಬೆಲೆಗಳನ್ನು ಕೊಡುವಾಗ ನಡುವೆ ಅರ್ಧವಿರಾಮ ಬರಬೇಕು ಎಂಬುದನ್ನು ಗಮನಿಸಿ, ಅಲ್ಪವಿರಾಮ ನಡೆಯುವುದಿಲ್ಲ. ಈಗ ಒಂದು ಜಾಗದ ಕರ್ಣ 71 ಅಡಿ, ಅದರ ಒಂದು ಪಕ್ಕದ ಬದಿಗಳು 62 ಮತ್ತು 55 ಅಡಿ, ಇನ್ನೊಂದು ಪಕ್ಕದವು 58 ಮತ್ತು 49 ಅಡಿ ಎಂದಾದರೆ ಹೀಗೆ ಒತ್ತಿದರಾಯಿತು:

(ಟಿಆರ್‌ಐ(62;55;71)+ಟಿಆರ್‌ಐ(58;49;71))/435.6

ಮೊದಲ ತ್ರಿಕೋನ 1642.61 ಚದರ ಅಡಿ, ಎರಡನೆಯದು 1409.43 ಚದರ ಅಡಿ, ಒಟ್ಟು 7.0065 ಸೆಂಟ್ಸ್. ಪತ್ರದಲ್ಲಿ 7 ಸೆಂಟ್ಸ್ ಎಂದಿದ್ದರೆ ಟೇಪು ಹಿಡಿದವರು ಸರಿಯಾಗಿಯೇ ಹಿಡಿದಿದ್ದಾರೆ ಎಂದರ್ಥ. ಕರ್ಣವನ್ನು ತಪ್ಪಾಗಿ ಅಳೆದು ಬದಿಗಳು ಕೂಡುವುದೇ ಸಾಧ್ಯವಿಲ್ಲದಂತಾದರೆ ವರ್ಗಮೂಲದೊಳಗೆ ಮೈನಸ್ ಸಂಖ್ಯೆ ಬಂದು ಲೆಕ್ಕ ಅಲ್ಲಿಯೇ ಕೆಡುತ್ತದೆ. ಆಗ ಸೂತ್ರವನ್ನು ತಿದ್ದಲು ಹೋಗದೆ ಟೇಪು ಹಿಡಿದು ಮತ್ತೆ ಜಾಗಕ್ಕೆ ಹೋಗುವುದೇ ಸರಿ. ಸರ್ಕಾರಿ ಸರ್ವೆಗೆ ಬದಲಾಗಿ ಈ ಲೆಕ್ಕ ನಿಲ್ಲುವುದಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅಳತೆಯ ಮಾನಗಳನ್ನು ಬದಲಿಸುವ ಕೆಲಸವನ್ನೂ ತಂತ್ರಾಂಶಕ್ಕೆ ಒಪ್ಪಿಸಬಹುದು. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್, ಅಂದರೆ 4 ಮೀಟರ್ ಮಳೆ ಎಂದು ಹಿಡಿದು, 1200 ಚದರ ಅಡಿಯ ಮಾಡಿನಿಂದ ಬಾವಿಗೆ ಎಷ್ಟು ನೀರು ಇಳಿಸಬಹುದು ಎಂದು ನೋಡೋಣ. ಹೆಂಚಿನ ಮಾಡು ಇಳಿಜಾರಾಗಿರುವುದರಿಂದ ಹೆಂಚು ಹೊದೆಸಿದ ಮೇಲ್ಮೈಯನ್ನು ಬಿಟ್ಟು ಮಾಡಿನ ಕೆಳಗಿನ ನೆಲದ ವಿಸ್ತೀರ್ಣವನ್ನೇ ಹಿಡಿಯಬೇಕು.

1200*ಫೂಟ್^2*4*ಮೀಟರ್->ಲೀಟರ್

ಮಾನಗಳ ಹೆಸರನ್ನು ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಪೂರ್ತಿಯಾಗಿ ಒತ್ತಬೇಕು, ಅಡಿಗೆ ಏಕವಚನದ ಫೂಟ್ ಎಂಬುದೇ ಬೇಕು, ಬಾಣದ ಗುರುತನ್ನು ಮೈನಸ್ ಮತ್ತು ಗ್ರೇಟರ್‌ದ್ಯಾನ್ ಚಿಹ್ನೆಗಳನ್ನು ಅಂಟಿಸಿ ಬರೆಯಬೇಕು. ಉತ್ತರ ಸುಮಾರು 4,45,935 ಲೀಟರ್. ಹೆಂಚು ಹೀರುವುದು, ಮಾಡಿನ ಅಂಚಿಗೆ ಕಟ್ಟಿದ ನೀರಿನ ದೋಣಿಯಿಂದ ಚೆಲ್ಲುವುದು ಎಲ್ಲವನ್ನೂ ಕಳೆದು ಹತ್ತರಲ್ಲಿ ಎಂಟು ಪಾಲು ಎಂದು 0.8ರಿಂದ ಗುಣಿಸಿದರೂ ಮೂರೂವರೆ ಲಕ್ಷ ಲೀಟರಿಗೆ ಕಡಿಮೆಯಾಗುವುದಿಲ್ಲ. ಮಳೆಯ ಆಳವನ್ನು ಸೇರಿಸಲು ಮರೆತು ಚದರ ಅಡಿಯನ್ನು ನೇರವಾಗಿ ಲೀಟರಿಗೆ ಬದಲಿಸಲು ಹೋದರೆ ತಂತ್ರಾಂಶ ಒಪ್ಪದೆ ದೋಷ ತೋರಿಸುತ್ತದೆ. ಮಾನಗಳನ್ನು ಬಿಟ್ಟು ಬರೀ ಅಂಕೆ ಒತ್ತುವವರಿಗೆ ಈ ರಕ್ಷಣೆ ಸಿಗುವುದಿಲ್ಲ.

ವಿದ್ಯಾರ್ಥಿಗಳಿಗೆ ಬೇಕಾಗುವ ಇನ್ನು ಕೆಲವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ವ್ಯೂ ಪಟ್ಟಿಯಲ್ಲಿ ಕಾನ್‌ಸ್ಟಂಟ್ಸ್ ಎಂಬುದನ್ನು ತೆರೆದರೆ ಬೆಳಕಿನ ವೇಗ, ಅವೊಗಾಡ್ರೊ ಸಂಖ್ಯೆ ಮುಂತಾದ ಸ್ಥಿರಾಂಕಗಳು ಬದಿಯಲ್ಲಿ ಕಾಣುತ್ತವೆ, ಡಬಲ್ ಕ್ಲಿಕ್ ಮಾಡಿದರೆ ಸಾಲಿಗೆ ಸೇರುತ್ತವೆ. ಲಾಗರಿದಮ್ಮಿನಲ್ಲಿ 10ರ ಆಧಾರಕ್ಕೆ ಎಲ್‌ಜಿ, ಸಹಜ ಲಾಗರಿದಮ್ಮಿಗೆ ಎಲ್‌ಎನ್. ಎಲ್‌ಓಜಿ ಎಂದು ಒತ್ತಿದರೆ ಆಧಾರವನ್ನೂ ಬೇರೆಯಾಗಿ ಕೊಡಬೇಕಾಗುತ್ತದೆ, ಕೈಯಲ್ಲಿ ಹಿಡಿಯುವ ಕ್ಯಾಲ್ಕುಲೇಟರಿಗೆ ಒಗ್ಗಿದವರು ಎಡವುವುದು ಇಲ್ಲಿಯೇ. ಗುಣಾಕಾರದ ಚಿಹ್ನೆ ಬಿಟ್ಟು 2 ಪೈ ಎಂಬಂತೆ ಬರೆದರೂ ನಡೆಯುತ್ತದೆಯಾದರೂ ಭಾಗಾಕಾರದ ಪಕ್ಕದಲ್ಲಿ ಹಾಗೆ ಮಾಡದೆ ಆವರಣ ಹಾಕುವುದು ಲೇಸು.

ಲೆಕ್ಕದ ಸಾಲಿನ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಟಿಪ್ಪಣಿ ಬರೆಯಬಹುದು. ಅದರ ಮುಂದಿನದನ್ನು ತಂತ್ರಾಂಶ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂರು ತಿಂಗಳ ನಂತರ 0.0075 ಎಂದರೆ ಏನೆಂದು ತಲೆ ಕೆರೆದುಕೊಳ್ಳುವ ಬದಲು ಆಗಲೇ ಎರಡು ಪದ ಬರೆದಿಡಿ. ಸೆಟ್ಟಿಂಗ್ಸ್‌ನ ಬಿಹೇವಿಯರ್ ವಿಭಾಗದಲ್ಲಿ ಮುಚ್ಚುವಾಗ ಹಿಂದಿನ ಲೆಕ್ಕಗಳನ್ನು ಉಳಿಸುವ ಆಯ್ಕೆ ಇದೆ. ಆದರೆ ಅದು ತಂತ್ರಾಂಶವನ್ನು ಕ್ರಮವಾಗಿ ಮುಚ್ಚಿದಾಗಿನ ಮಾತು. ಜೂನ್, ಜುಲೈ ತಿಂಗಳಲ್ಲಿ ಗಾಳಿ ಬೀಸುವ ಮೊದಲೇ ಕರೆಂಟು ಹೋಗುವ ನಮ್ಮೂರಿನಲ್ಲಿ ಅದನ್ನೇ ನಂಬಿ ಕೂರದೆ, ಮುಖ್ಯ ಲೆಕ್ಕ ಮುಗಿದ ಕೂಡಲೇ ಸೆಷನ್ ಪಟ್ಟಿಯಿಂದ ಸೇವ್ ಮಾಡಿ ಕಡತಕ್ಕೆ ಹೆಸರು ಕೊಟ್ಟುಬಿಡಬೇಕು. ಅದೇ ಪಟ್ಟಿಯಲ್ಲಿರುವ ಎಕ್ಸ್‌ಪೋರ್ಟ್ ಆಯ್ಕೆಯಿಂದ ಎಲ್ಲ ಸಾಲುಗಳನ್ನೂ ಸಾದಾ ಪಠ್ಯವಾಗಿ ಹೊರತೆಗೆಯಬಹುದು. ಸಾಲದ ಲೆಕ್ಕವನ್ನು ಬ್ಯಾಂಕಿನ ಕೌಂಟರಿಗೆ ಒಯ್ಯುವವರು ಆ ಪಠ್ಯವನ್ನು ಮುದ್ರಿಸಿಕೊಂಡು ಹೋದರೆ, ಎರಡು ಕಡೆಯ ಕಂತಿನ ಅಂಕೆ ಹೊಂದದಿದ್ದಾಗ ಯಾವ ಸಾಲಿನಲ್ಲಿ ಬೇರೆಯಾಯಿತು ಎಂಬುದನ್ನು ಅಲ್ಲಿಯೇ ಬೆರಳಿಟ್ಟು ತೋರಿಸಬಹುದು.